ಬುಟ್ಟಿಯ ಕೆಳಗಿನದ್ದು

ಎಪ್ಪತ್ತೊಂಬತ್ತರ ಬೇಸಿಗೆಯಲ್ಲಿ ದೊಡವಾಡದ ಕೇರಿಗೆ ಸರಕಾರದ ಬಿಸಿಲಿನ ಪ್ಲೇಟು ಬಂತು. ಅದರ ಕರೆಂಟಿನಿಂದ ಸಣ್ಣದೊಂದು ಪಂಪು ನಡೆದು, ಬಾವಿಯ ನೀರು ದಿಬ್ಬದ ಮೇಲಿನ ಟಾಕಿಗೆ ಏರಬೇಕು ಎಂಬುದು ಯೋಜನೆ. ನೀರು ಏರಿದ್ದು ನಿಜ. ಟಾಕಿಯ ಬಾಯಿಗೆ ಇನ್ನೊಂದು ಗೇಣು ಇದೆ ಎನ್ನುವಾಗ ಪೈಪಿನಲ್ಲೇ ನಿಂತುಬಿಟ್ಟಿತು. ಇಣುಕಿದರೆ ಕಾಣುತ್ತಿತ್ತು, ಕೊಡಕ್ಕೆ ಮಾತ್ರ ಬರುತ್ತಿರಲಿಲ್ಲ. ನೀರೇ ಇಲ್ಲದಿದ್ದರೂ ಜನರಿಗೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ.

ಅದೇ ಕೇರಿಯ ಸತ್ಯಪ್ಪನಿಗೆ ಬೈಲಹೊಂಗಲದಲ್ಲಿ ರೇಡಿಯೋ ರಿಪೇರಿ ಅಂಗಡಿ. ಅವನು ಪ್ಲೇಟಿಗೂ ಪಂಪಿಗೂ ನಡುವೆ ಒಂದು ಡಬ್ಬಿ ಕೂಡಿಸಿದ. ಪ್ಲೇಟಿನಿಂದ ಎಷ್ಟು ಕರೆಂಟು ಎಳೆಯಬೇಕು, ಅಂದರೆ ಅದರ ಮೇಲೆ ಎಷ್ಟು ಭಾರ ಹಾಕಬೇಕೆಂದು ತೀರ್ಮಾನಿಸುವುದು ಆ ಡಬ್ಬಿಯ ಗುಂಡಿ. ಭಾರ ಹೆಚ್ಚಾದರೆ ಪ್ಲೇಟು ಕುಸಿಯುತ್ತದೆ, ಕಡಿಮೆಯಾದರೆ ಅದರ ಶಕ್ತಿ ದಂಡ. ನಡುವೆ ಎಲ್ಲೋ ಒಂದು ಸರಿಯಾದ ಜಾಗ, ಅದೂ ಬಿಸಿಲು ಸರಿದಂತೆ ತಾನೂ ಸರಿಯುವಂಥದ್ದು. ಸತ್ಯಪ್ಪ ಗುಂಡಿಯನ್ನು ಚೂರು ತಿರುಗಿಸಿ ಡಬ್ಬಿಯ ಮೇಲಿನ ಮೀಟರಿನ ಮುಳ್ಳು ನೋಡುವನು. ಮುಳ್ಳು ಏರಿದರೆ ಅದೇ ಕಡೆಗೆ ಇನ್ನಷ್ಟು, ಇಳಿದರೆ ಹಿಂದಕ್ಕೆ. ಹೆಂಡತಿ ಸೀತವ್ವ ಕಂದೀಲಿನ ಬತ್ತಿ ಏರಿಸಿ ಇಳಿಸಿ ನೋಡುವುದೂ ಹೀಗೆಯೇ. ಟಾಕಿ ತುಂಬಿತು. ಆದರೆ ದಿನವಿಡೀ ಗುಂಡಿ ಹಿಡಿದು ಕೂತವನಿಗೆ ಅಂಗಡಿಯ ಬಾಗಿಲು ತೆರೆಯಲು ಆಗಲಿಲ್ಲ.

ಮೂರು ವಾರ ತಲೆ ಕೆಡಿಸಿಕೊಂಡು, ಹಳೆಯ ರೇಡಿಯೋಗಳ ಸಾಮಾನಿಗೆ ಆಟಿಕೆ ಕಾರಿನ ಮೋಟರು ಸೇರಿಸಿ, ಗುಂಡಿ ತಾನಾಗಿಯೇ ತಿರುಗುವಂತೆ ಮಾಡಿದ. ಡಬ್ಬಿ ಟಿಕ್ ಟಿಕ್ ಎನ್ನುತ್ತ, ಒಂದು ಹೆಜ್ಜೆ ಮುಂದೆ ಒಂದು ಹೆಜ್ಜೆ ಹಿಂದೆ ಹೋಗುತ್ತ, ಆ ಜಾಗವನ್ನು ಹುಡುಕುತ್ತಿತ್ತು. ಸಿಕ್ಕ ಮೇಲೂ ಸುಮ್ಮನಿರದು. ಮುಳ್ಳು ಬಾಲ ಸುಟ್ಟ ಬೆಕ್ಕಿನಂತೆ ಒದ್ದಾಡುತ್ತಿತ್ತು, ಟಾಕಿ ತುಂಬಿ ಹರಿಯುತ್ತಿತ್ತು. ಸತ್ಯಪ್ಪನಿಗೆ ತಡೆಯಲಾರದಷ್ಟು ಸಂತೋಷ.

ಆಗ ಸರಕಾರದ ಕಡೆಯಿಂದ ತಪಾಸಣೆಗೆ ಬಂದರು ಬಾಳಕೃಷ್ಣರಾಯರು. ಅವರ ಫಾರ್ಮಿನಲ್ಲಿ ಮೀಟರಿನ ಅಂಕಿ ಬರೆಯಲು ಇದ್ದದ್ದು ಒಂದೇ ಒಂದು ಚೌಕ. ರಾಯರು ಪೆನ್ನು ತೆರೆದು, ಮುಳ್ಳು ನಿಲ್ಲಲಿ ಎಂದು ಕಾದರು. ಚಹಾ ಬಂತು, ಆರಿತು. ಮುಳ್ಳು ನಿಲ್ಲಲಿಲ್ಲ. ಕೆಳಗಿಳಿದು ನೋಡದ ಹೊರತು ತಾನು ತುದಿಯಲ್ಲಿದ್ದೇನೆಂದು ಡಬ್ಬಿಗೆ ತಿಳಿಯುವುದಿಲ್ಲ ಎಂದು ಸತ್ಯಪ್ಪ ಬಿಡಿಸಿ ಹೇಳಿದ. ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಅಲ್ಲಾಡುವ ಮುಳ್ಳಿಗೆ ತಾವು ಸಹಿ ಹಾಕಿಲ್ಲ ಎಂದು ರಾಯರು ಹೇಳಿದರು. ಗುರುವಾರದೊಳಗೆ ಅದು ನಿಲ್ಲದಿದ್ದರೆ ಪ್ಲೇಟು, ಪಂಪು ಎರಡೂ ರಾಮದುರ್ಗದ ಕಡೆಗೆ.

ಸತ್ಯಪ್ಪ ಡಬ್ಬಿಯ ಮೋಟರು ನಿಲ್ಲಿಸಿ ನೋಡಿದ. ಮುಳ್ಳು ನಿಂತಿತು. ಬಿಸಿಲು ಸರಿಯುತ್ತಲೇ ನೀರೂ ನಿಂತಿತು, ಅದೇ ಒಂದು ಗೇಣು ಕೆಳಗೆ. ಖಾಲಿ ಕೊಡ ಹಿಡಿದ ಹೆಣ್ಣುಮಕ್ಕಳೆಲ್ಲ ಅವನ ಮುಖ ನೋಡಿದರು. ನೆಲ ಬಾಯಿ ಬಿಡಬಾರದೇ ಅನ್ನಿಸಿತು ಅವನಿಗೆ.

ಉಪಾಯ ಸೀತವ್ವನದು. ಅಂಗಡಿಯಲ್ಲಿ ಸಿಡಿಲು ಬಡಿದು ಸುಟ್ಟ ಮೀಟರೊಂದಿತ್ತು. ಅದರ ಮುಳ್ಳು ನಲವತ್ತೆರಡರ ಮೇಲೆ ಅಂಟಿಕೊಂಡು ವರ್ಷಗಳಾಗಿದ್ದವು. ಅದನ್ನು ಗೋಡೆಗೆ ತೂಗುಹಾಕಿ, ಡಬ್ಬಿಯ ಮೇಲೆ ಬುಟ್ಟಿ ಬೋರಲು ಹಾಕಬೇಕೆಂದಳು. ಸತ್ಯಪ್ಪನ ಮೈಯೆಲ್ಲ ಉರಿದುಹೋಯಿತು. ಜೀವ ತೇಯ್ದು ಮಾಡಿದ್ದನ್ನು ಮುಚ್ಚಿಟ್ಟು, ಸತ್ತ ಮೀಟರಿಗೆ ಮರ್ಯಾದೆ ಕೊಡಬೇಕೇ?

“ನಿಮಗ ಹೆಸರು ಬೇಕೋ, ಕೇರಿಗೆ ನೀರು ಬೇಕೋ?” ಎಂದಳು ಸೀತವ್ವ. “ಒಂದ ಹೇಳ್ರಿ.”

ಅವನು ಎದ್ದು ಹೋಗಿ ಬುಟ್ಟಿ ತಂದ.

ಗುರುವಾರ ರಾಯರು ಬಂದಾಗ ಮೋಡ ಕವಿದಿತ್ತು. ಮುಳ್ಳು ನಲವತ್ತೆರಡು. ಪರೀಕ್ಷೆಗೆಂದು ಪ್ಲೇಟಿನ ಮೇಲೆ ಕೌದಿ ಹೊದಿಸಲು ಹೇಳಿದರು. ಆಗಲೂ ನಲವತ್ತೆರಡು. ಇಂಥ ಶಿಸ್ತಿನ ಮೀಟರನ್ನು ನಾಲ್ಕು ತಾಲೂಕಿನಲ್ಲಿ ಎಲ್ಲಿಯೂ ಕಂಡಿಲ್ಲವೆಂದು ಮೆಚ್ಚಿ ಸಹಿ ಹಾಕಿದರು. ಬುಟ್ಟಿಯೊಳಗೆ ಟಿಕ್ ಟಿಕ್ ಏನದು ಎಂದು ಕೇಳಿದ್ದಕ್ಕೆ, ಕೋಳಿ ಕಾವಿಗೆ ಕೂತಿದೆ, ಮರಿಗಳು ಮೊಟ್ಟೆ ಒಡೆಯುವ ಹೊತ್ತು ಎಂದಳು ಸೀತವ್ವ. ಸತ್ಯಪ್ಪ ಗೋಡೆಯ ಕಡೆ ಮುಖ ಮಾಡಿ ನಿಂತ. ಅವನಿಗೆ ಅಳು ಬಂದಿತ್ತು.

ಎರಡು ತಿಂಗಳ ಮೇಲೆ ರಾಯರು ಮತ್ತೆ ಬಂದರು, ಫೈಲಿಲ್ಲದೆ, ಬಸ್ಸಿನಲ್ಲಿ. ದೊಡವಾಡದ ಮೀಟರೇ ಮಂಜೂರಾದ ಮಾದರಿಯೆಂದು, ಅದರಂತೆಯೇ ಮುಳ್ಳು ಅಂಟಿಸಿದ ಮೀಟರುಗಳು ಪ್ಲೇಟು ಪಂಪುಗಳ ಜೊತೆ ಇಪ್ಪತ್ತು ಊರಿಗೆ ಹೋಗಿದ್ದವು. ಕಿತ್ತೂರಿನ ಅವರ ಓಣಿಗೂ ಒಂದು.

“ನಲವತ್ತೆರಡು ಬರೋಬ್ಬರಿ ತೋರಸ್ತದ, ಮಿಸ್ತ್ರಿ,” ಎಂದರು ರಾಯರು, ನೆಲ ನೋಡುತ್ತ. “ನೀರು ಬರವಲ್ತು. ನಮ್ಮವ್ವ ನನ್ನ ಜೋಡಿ ಮಾತು ಬಿಟ್ಟಾಳ.”

ಸತ್ಯಪ್ಪ ಹೆಂಡತಿಯನ್ನು ನೋಡಿದ, ಆಮೇಲೆ ಬುಟ್ಟಿ ಎತ್ತಿದ. ರಾಯರು ಒದ್ದಾಡುವ ಮುಳ್ಳನ್ನು ನೋಡಿದರು, ಟಾಕಿಗೆ ನೀರು ಬೀಳುವ ಸದ್ದು ಕೇಳಿದರು. ಕೋಳಿಯ ವಿಷಯ ಎತ್ತಲಿಲ್ಲ. ಮಂಜೂರಾದ ಮಾದರಿಯನ್ನು ಬದಲಿಸುವ ಧೈರ್ಯ ಅವರಿಗಿರಲಿಲ್ಲ. ಒಂದು ಹಾಳೆ ಕೇಳಿ ಪಡೆದು, ಬೇಕಾದ ಹೆಚ್ಚುವರಿ ಸಾಮಾನಿನ ಪಟ್ಟಿ ಬರೆದು, ತಾವೇ ಓದಿದರು.

“ಬುಟ್ಟಿ, ಇಪ್ಪತ್ತು. ಬುಟ್ಟಿಯ ಕೆಳಗಿನದ್ದು, ಇಪ್ಪತ್ತು.” ಪೆನ್ನು ನಿಂತಿತು. “ಕೆಳಗಿನದ್ದು ಮಾಡಿದವರ ಹೆಸರು ಬರೀಬೇಕಾಗ್ತದ.”

ಸತ್ಯಪ್ಪ ಹೇಳಲು ಹೋದ. ಅಷ್ಟರಲ್ಲಿ, ಗಂಡನ ಹೆಸರು ಹೇಳಬಾರದೆಂದು ಇಪ್ಪತ್ತು ವರ್ಷ ನಾಲಿಗೆ ಬಿಗಿ ಹಿಡಿದಿದ್ದ ಸೀತವ್ವ ಸೆರಗು ಸರಿಮಾಡಿಕೊಂಡು ಮುಂದೆ ಬಂದಳು.

“ಸತ್ಯಪ್ಪ ಅಂತ ಬರೀರಿ,” ಎಂದಳು, ಇಡೀ ಕೇರಿಗೆ ಕೇಳುವಂತೆ.