ಮೂಗಿಯ ಸಹಿ

ಖಾರದ ಪುಡಿಯ ಮೂರನೆಯ ಚಮಚವನ್ನೂ ಪಾತ್ರೆಗೆ ಕೊಡವಿ, ಅವಳು ಮುಖವನ್ನು ಹಬೆಗೆ ಒಡ್ಡಿದಳು. ಒಂದು ಸೀನಿಲ್ಲ, ಕಣ್ಣಲ್ಲಿ ಒಂದು ಹನಿ ನೀರಿಲ್ಲ. ನಿನ್ನೆಯ ಅನ್ನಕ್ಕೆ ನೀರು ಹುಯ್ದು ಮಾಡಿದ ಗಂಜಿ ಮಾತ್ರ ಕೆಂಡದಂಥ ಬಣ್ಣ ಹೊತ್ತು ಕೊತಕೊತ ಕುದಿಯುತ್ತಿತ್ತು. ನಾಲಿಗೆಗೆ ಹಚ್ಚಿ ನೋಡಿದಳು. ಬಿಸಿ ಇತ್ತು. ಖಾರ ಇರಲಿಲ್ಲ.

ನಾಲ್ಕು ದಿನದ ನೆಗಡಿಯಲ್ಲಿ ವಾಸನೆ ಹೋಗುವುದು ಸರಿ, ಬಾಯಿ ಕೆಡುವುದೂ ಸರಿ. ಆದರೆ ಖಾರವೆಂದರೆ ವಾಸನೆಯಲ್ಲ, ಉರಿ. ಅದು ಮೂಗಿನ ಅಪ್ಪಣೆ ಕೇಳಿಕೊಂಡು ಬರುವುದಿಲ್ಲ. ಖಾರದ ಪುಡಿಯ ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷ ಮೂಸಿಯೇ ಅನ್ನ ಉಂಡವಳಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಬೀಸಿದ ಪ್ರತಿ ರಾಶಿಯನ್ನೂ ಅವಳು ಮೂಸಿ, ರಿಜಿಸ್ಟರಿನಲ್ಲಿ ಸಹಿ ಹಾಕಿದ ಮೇಲೆಯೇ ಪೊಟ್ಟಣಕ್ಕೆ ತುಂಬುವುದು. ಅದಕ್ಕೇ ಅಲ್ಲಿ ಅವಳ ಹೆಸರು ‘ಮೂಗಿ’. ಮಾತು ಬಾರದವಳಿಗೂ ಅದೇ ಹೆಸರಲ್ಲವೇ ಎಂದು ಮೊದಮೊದಲು ಹಲ್ಲು ಕಿಸಿದವರೆಲ್ಲ, ಅವಳ ಬಾಯಿಗೆ ಸಿಕ್ಕ ಮೇಲೆ ತೆಪ್ಪಗಾಗಿದ್ದರು.

ಪೊಟ್ಟಣವನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಅವಳ ಕಾರ್ಖಾನೆಯದೇ. ಮೇಲಿನ ತಾರೀಖಿನಂತೆ ತುಂಬಿದ್ದು ಸೋಮವಾರ. ಸೋಮವಾರ ಅವಳು ಕಂಬಳಿಯೊಳಗಿದ್ದಳು. ಹಾಗಾದರೆ ಇದನ್ನು ಮೂಸಿದವರು ಯಾರು?

ಮೈ ಉರಿದುಹೋಯಿತು. ಜ್ವರಕ್ಕಲ್ಲ.

ಅಷ್ಟರಲ್ಲಿ ಬಾಗಿಲು ತಳ್ಳಿಕೊಂಡು ಬಂದವನು ತಮ್ಮ. ಅದೇ ಕಾರ್ಖಾನೆಯ ಮೇಲ್ವಿಚಾರಕ. “ಖಾರವಾಗಿ ಏನಾದ್ರೂ ಮಾಡ್ಕೊಂಡು ತಿನ್ನಕ್ಕಾ, ಮೂಗು ಬಿಡುತ್ತೆ” ಎಂದು ನಿನ್ನೆ ಆ ಪೊಟ್ಟಣ ತಂದಿಟ್ಟು ಹೋದವನೂ ಅವನೇ. ಈಗ ಕಂಕುಳಲ್ಲಿ ರಿಜಿಸ್ಟರು.

“ಏಳ್ಬೇಡಕ್ಕಾ, ಏಳ್ಬೇಡ,” ಎಂದ, ಒಲೆಯ ಮುಂದೆ ನಿಂತಿದ್ದವಳಿಗೆ. “ಒಂದೇ ಒಂದು ಸಹಿ. ಹಾಕಿ ಮಲಕ್ಕೋ.”

“ಬಾರೋ ತಬ್ಬಾ. ಬೊದಲು ಊಟ.”

ಕಟ್ಟಿದ ಮೂಗಿನಲ್ಲಿ ತಮ್ಮ ತಬ್ಬನಾಗಿದ್ದ. ನಗಲು ಹೋದವನು ಅವಳ ಕಣ್ಣು ನೋಡಿ ನಗು ನುಂಗಿಕೊಂಡು ಕುಳಿತ. ಅವಳು ಬಟ್ಟಲು ತುಂಬ ಬಡಿಸಿದಳು. ಚಿಕ್ಕಂದಿನಿಂದ ಅವನಿಗೆ ಮನೆಯಲ್ಲಿ ‘ಸಪ್ಪೆ’ ಎಂದೇ ಹೆಸರು. ಒಂದು ಮೆಣಸಿನ ಬೀಜ ಹಲ್ಲಿಗೆ ಸಿಕ್ಕರೆ ಈಗಲೂ ಅರ್ಧ ಗಂಟೆ ಬಿಕ್ಕುವವನು. ಅಂಥವನು ಸೊರಸೊರ ಎಂದು ಬಟ್ಟಲಿನ ತಳ ಕಂಡ.

“ಹದವಾಗಿದೆ ಕಣಕ್ಕಾ.”

“ಬೂರು ಚಬಚ ಖಾರದ ಪುಡಿ ಹಾಕಿದೀದಿ. ಬೂರು! ಎಲ್ಲೋ ಬಿಕ್ಕಳಿಕೆ?”

ಚಮಚ ಅವನ ಕೈಯಲ್ಲೇ ನಿಂತಿತು.

“ಹಳೇ ಮಾಲು ಅಕ್ಕ. ಬಿಳಿಚ್ಕೊಂಡು ಹೋಗಿತ್ತು. ಯಜಮಾನ್ರು ಸ್ವಲ್ಪ ಹೊಟ್ಟು, ಸ್ವಲ್ಪ ಬಣ್ಣ ಸೇರಿಸಿ ಅಂದ್ರು. ನಾಳೆ ತಪಾಸಣೆಯವರು ಬರ್ತಾರೆ. ನಿನ್ನ ಸಹಿ ಕಂಡ್ರೆ ಪೊಟ್ಟಣ ಬಿಚ್ಚೋದೇ ಇಲ್ಲ ಅವರು.”

“ಅದದ್ದೇ ತಂದು ದಂಗೇ ತಿದ್ದು ಅಂದ್ಯಾ?” ‘ನಂಗೇ ತಿನ್ನು’ ಎಂಬುದು ಕಟ್ಟಿದ ಮೂಗಿನಿಂದ ಹಾಗೆ ಹೊರಟಿತು.

“ನೆಗಡಿ ಅಲ್ವಾ,” ಎಂದ ಅವನು ತಲೆ ತಗ್ಗಿಸಿ, “ಗೊತ್ತಾಗಲ್ಲ ಅಂದ್ಕೊಂಡೆ.”

ಅವಳು ಗಂಜಿಯ ಪಾತ್ರೆ ಎತ್ತಿ ಬಚ್ಚಲಿಗೆ ಸುರಿದಳು. ನೀರು ಕೆಂಪಗೆ ಹರಿದುಹೋಯಿತು. ಬೇರೆ ಪಾತ್ರೆ ಇಟ್ಟು ಎಣ್ಣೆ ಬಿಟ್ಟಳು. ಎಂಟು ಎಸಳು ಬೆಳ್ಳುಳ್ಳಿ ಜಜ್ಜಿದಳು, ಒಂದು ಹಿಡಿ ಕಾಳುಮೆಣಸು ಕುಟ್ಟಿದಳು. ಯಾರ ಪುಡಿಯ ಹಂಗೂ ಬೇಡವೆಂದು ತನ್ನದೇ ಡಬ್ಬಿಯಿಂದ ಎರಡು ಒಣಮೆಣಸಿನಕಾಯಿ ಮುರಿದು ಎಣ್ಣೆಗೆ ಬಿಟ್ಟಳು.

ಘಾಟು ಅಡುಗೆಮನೆಯನ್ನೆಲ್ಲ ತುಂಬಿತು. ತಮ್ಮ ಕೆಮ್ಮಿ, ಕಣ್ಣೊರೆಸಿಕೊಂಡು, ಕೊನೆಗೆ ಬಿಕ್ಕತೊಡಗಿದ. ಅವಳಿಗೆ ಒಂದು ಸೀನು ಬಂತು. ಇನ್ನೊಂದು. ಆರನೆಯದಕ್ಕೆ ನಾಲ್ಕು ದಿನದಿಂದ ಬಿಗಿದಿದ್ದುದು ಪಟ್ಟನೆ ಬಿಟ್ಟುಕೊಂಡಿತು. ಉಳಿದ ಅನ್ನವನ್ನೂ ನೀರನ್ನೂ ಪಾತ್ರೆಗೆ ಹಾಕಿ, ಸೆರಗಿನಿಂದ ಮೂಗೊರೆಸಿಕೊಂಡು, ಪೊಟ್ಟಣದಿಂದ ಒಂದು ಚಿಟಿಕೆ ತೆಗೆದು ಮೂಸಿದಳು. ಹಳೆಯ ಗೋಣಿಚೀಲ. ಒದ್ದೆ ಮರದ ಪುಡಿ. ಮೆಣಸಿನಕಾಯಿಯ ಸುಳಿವೇ ಇಲ್ಲ.

“ತಮ್ಮಾ.” ಈ ಸಲ ಸ್ಪಷ್ಟವಾಗಿ ಬಂತು. “ನನ್ನ ಮೂಗು ಕಟ್ಟೋದನ್ನೇ ಕಾಯ್ತಿದ್ರಾ ನೀವೆಲ್ಲ?”

“ಅಕ್ಕಾ, ಸಹಿ ಇಲ್ದೆ ಹೋದ್ರೆ—” ಬಿಕ್ಕಿದ. “ನನ್ನ ಕೆಲಸ ಹೋಗುತ್ತೆ, ನಿಂದೂ ಹೋಗುತ್ತೆ. ಮೂಗಿ ಅಂತಾರಲ್ಲ ನಿನ್ನ, ಒಂದೇ ಒಂದು ದಿನ ಹಾಗೇ ಇದ್ಬಿಡು.”

“ಹಾಗೆ ಕರೆದಿದ್ದು ಈ ಮೂಗು ನೋಡಿ ಕಣೋ, ಬಾಯಿ ನೋಡಿ ಅಲ್ಲ. ಇಪ್ಪತ್ತೆರಡು ವರ್ಷ. ಯಾರದೋ ಮನೆ ಒಲೆ ಮುಂದೆ ಯಾವಳೋ ಹಿಂಗೇ ಮೂಗು ಕಟ್ಕೊಂಡು ನಿಂತಿರ್ತಾಳೆ. ಪೊಟ್ಟಣ ನಂಬಿ ಸುರೀತಾಳೆ. ಖಾರ ಹತ್ತದೆ ಹೋದ್ರೆ ತನ್ನ ನಾಲಿಗೇನೇ ಬೈಕೋತಾಳೆ!”

ತಮ್ಮ ಬಟ್ಟಲನ್ನು ಪಕ್ಕಕ್ಕೆ ಸರಿಸಿ ರಿಜಿಸ್ಟರು ಬಿಡಿಸಿದ. ಸೋಮವಾರದ ಸಾಲು, ಕೊನೆಗೊಂದು ಖಾಲಿ ಚೌಕ. ಪೆನ್ನಿನ ಮುಚ್ಚಳ ತೆಗೆದು, ಬಿಕ್ಕುತ್ತಲೇ ಅವಳ ಮುಂದೆ ಹಿಡಿದ.

“ನನಗೋಸ್ಕರ ಅಕ್ಕಾ.”

ಅವಳು ಗಂಜಿ ಬಗ್ಗಿಸಿಕೊಂಡು ಒಂದು ಚಮಚ ಬಾಯಿಗಿಟ್ಟಳು. ಗಂಟಲಿನಿಂದ ಕಿವಿಯವರೆಗೆ ಉರಿ ಏರಿತು. ಮೂಗಲ್ಲೂ ಕಣ್ಣಲ್ಲೂ ನೀರು ಧಾರಾಳವಾಗಿ ಇಳಿಯಿತು.

“ಹಾಕಲ್ಲ,” ಎಂದಳು.