ಅದೇ ಕೆಮ್ಮು, ಅದೇ ಚಹಾ

ಮುಂಬಯಿಯ ಆಂಟಾಪ್ ಹಿಲ್‌ನ ಚನ್ನವ್ವನಿಗೆ ಏನನ್ನೇ ಆಗಲಿ ಬುಡ ಕೆದಕಿ ನೋಡದೆ ಸಮಾಧಾನವಿಲ್ಲ. ಮೊಮ್ಮಗಳು ಮಾಧುರಿ ಮೊಬೈಲಿನಲ್ಲಿ ಕೊರಿಯಾದ ಸಿನಿಮಾ ಹಚ್ಚಿದರೆ, ಅವರೆಕಾಯಿ ಸುಲಿಯುತ್ತ ತಾನೂ ಪಕ್ಕದಲ್ಲಿ ಕೂತಳು. ಅದರಲ್ಲಿ ಕಳ್ಳರು ಪೊಲೀಸರ ಸೋಗು ಹಾಕಿ, ಜನರಿಗೆ ಫೋನ್ ಮಾಡಿ ದುಡ್ಡು ದೋಚುತ್ತಿದ್ದರು.

“ಅಲ್ಲವಾ, ಖೋಲ್ಯಾಗ ಇಬ್ಬರ ಅದಾರ. ಇಷ್ಟು ಮಂದಿ ಗದ್ದಲ ಎಲ್ಲಿಂದ ಬರತೈತಿ?”

“ಅಜ್ಜಿ, ಅದು ರೆಕಾರ್ಡಿಂಗ್. ಪೀಛೆ ಚಾಲೂ ಇಡ್ತಾರೆ. ಕೇಳೋರಿಗೆ ಸಚ್ಚಿ ಆಫೀಸ್ ಅನ್ಸತ್ತೆ.”

“ಎಲಾ ಇವರ! ಎಂಥಾ ತಲಿ ಅದಾವು!”

ಗಂಡ ನೀಲಕಂಠಪ್ಪ ಪೇಪರಿನ ಹಿಂದಿನಿಂದಲೇ ನಕ್ಕ. “ಕೊರಿಯಾದ ಕಳ್ಳ ಆಂಟಾಪ್ ಹಿಲ್‌ಗೆ ಬರತಾನೇನ? ನನಗ ಯಾರ ಮೋಸ ಮಾಡ್ತಾರ?”

ನಾಲ್ಕು ದಿನದ ಮೇಲೆ ಚನ್ನವ್ವ ದಾದರ್ ಮಾರ್ಕೆಟ್ಟಿನಿಂದ ಬಂದು ನೋಡಿದರೆ, ನೀಲಕಂಠಪ್ಪ ಮದುವೆಗೆ ಮಾತ್ರ ತೊಡುವ ಕರಿ ಕೋಟು ತೊಟ್ಟು, ಬೆವರುತ್ತ, ಮೊಬೈಲಿನ ಮುಂದೆ ಕೈಕಟ್ಟಿ ನಿಂತಿದ್ದ. ಪರದೆಯಲ್ಲಿ ಖಾಕಿ ತೊಟ್ಟವನೊಬ್ಬ ಹಿಂದಿಯಲ್ಲಿ ಗದರುತ್ತಿದ್ದ.

“ಏನ್ರೀ ಇದು? ಕೋಟ ಯಾಕ?”

“ಶ್! ಪೊಲೀಸ್ ಸಾಹೇಬ್ರು ನೋಡಾಕತ್ತಾರ. ನನ್ನ ಆಧಾರ್ ಮ್ಯಾಲ ಯಾರೋ ಗಾಂಜಾ ಕಳಿಸ್ಯಾರಂತ. ಡಿಜಿಟಲ್ ಅರೆಸ್ಟ್ ಮಾಡ್ಯಾರ. ಎಫ್‌ಡಿ ಮುರಿಸಿ ಅವರ ಖಾತೆಗೆ ಹಾಕಬೇಕಂತ, ತಪಾಸ ಆದ ಮ್ಯಾಲ ವಾಪಸ್ ಕೊಡ್ತಾರ. ಯಾರಿಗೂ ಹೇಳಬಾರದಂತ.”

ಆ ಎಫ್‌ಡಿ, ಅವನು ಗ್ರಾಂಟ್ ರೋಡಿನ ಅಂಗಡಿಯಲ್ಲಿ ಮೂವತ್ತು ವರ್ಷ ಬಟ್ಟೆ ಅಳೆದು ಕೂಡಿಸಿದ್ದು. ಮಾಧುರಿಯ ನರ್ಸಿಂಗ್ ಓದಿಗೆ ಇರುವುದು ಅದೊಂದೇ. ಚನ್ನವ್ವ ಕೈಯ ಚೀಲ ಕೆಳಗಿಟ್ಟು ಮೊಬೈಲಿನ ಹತ್ತಿರ ಸರಿದಳು. ಅವಳ ಕಿವಿ ಸುಮ್ಮನಿರಲಿಲ್ಲ. ಸಾಹೇಬನ ಹಿಂದೆ ಯಾರೋ ಕೆಮ್ಮಿದರು, ಇನ್ನೊಬ್ಬರು “ಚಾಯ್ ಲಾನಾ” ಎಂದರು, ಫೋನು ಮೂರು ಸಲ ರಿಂಗಣಿಸಿತು. ತುಸು ಹೊತ್ತಿಗೆ ಮತ್ತೆ ಅದೇ ಕೆಮ್ಮು, ಅದೇ ಚಹಾ, ಅದೇ ಮೂರು ಸಲದ ಫೋನು.

“ರೀ, ಹಿಂದಿನವ ಆವಾಗಿಂದ ಚಾ ಕೇಳಾಕತ್ತಾನ, ಯಾರೂ ಕೊಡವಲ್ರು! ಕಿವಿಗೊಟ್ಟು ಕೇಳ್ರಿ.” ಚನ್ನವ್ವ ಮೊಬೈಲಿನತ್ತಲೇ ಮುಖ ಮಾಡಿದಳು. “ಸಾಬ್, ಪೀಛೆವಾಲೇಕೋ ಚಾಯ್ ದೇ ದೋ!”

“ಕೌನ್ಸಾ ಚಾಯ್?” ಸಾಹೇಬ ತಬ್ಬಿಬ್ಬಾದ. ಅಷ್ಟರಲ್ಲಿ ಹಿಂದೆ ಮತ್ತೆ ಕೆಮ್ಮು, ಮತ್ತೆ “ಚಾಯ್ ಲಾನಾ”. ನೀಲಕಂಠಪ್ಪ ಈ ಸಲ ಕಿವಿಯಾರೆ ಕೇಳಿದ. ತಾನೇ ಫೋನ್ ಕತ್ತರಿಸಿದ.

ಸಂಜೆ ಮಾಧುರಿ ಅಜ್ಜನ ಕೈ ಹಿಡಿದು ಹೇಳಿದಳು: “ಅಜ್ಜಾ, ಡಿಜಿಟಲ್ ಅರೆಸ್ಟ್ ಅನ್ನೋದು ಕಾನೂನಲ್ಲೇ ಇಲ್ಲ. ಪೊಲೀಸ್ ವಿಡಿಯೋ ಕಾಲ್‌ನಲ್ಲಿ ಪೈಸೆ ಕೇಳಲ್ಲ, ಕಭೀ ನಹೀ.”

“ಯಾರಿಗೂ ಹೇಳಬ್ಯಾಡ ಅಂದಾಗಲೇ ನನಗ ತಿಳೀಬೇಕಿತ್ತು,” ಎಂದ ನೀಲಕಂಠಪ್ಪ, ಕೋಟು ಕಳಚಿ ಗೂಟಕ್ಕೆ ಹಾಕುತ್ತ. “ಇನ್ನೊಂದು ಕೊರಿಯಾ ಪಿಚ್ಚರ್ ಹಚ್ಚವಾ. ನಾನೂ ನೋಡ್ತೀನಿ.”

ಓದುವ ಅಕ್ಕ, ಅಣ್ಣಂದಿರೇ, ನಾಳೆ ಇಂಥ ಫೋನು ನಿಮಗೂ ಬಂದೀತು. ಸಾಹೇಬನೆಂದು ಕೈಕಟ್ಟಿ ನಿಲ್ಲಬೇಡಿ. ಫೋನ್ ಕತ್ತರಿಸಿ, ಮನೆಯವರನ್ನು ಕೂಗಿ ಕರೆಯಿರಿ. ದುಡ್ಡು ಹೋಗಿಬಿಟ್ಟಿದ್ದರೆ ನಾಚಿಕೆಪಟ್ಟು ಕೂರದೆ ಆ ಕ್ಷಣವೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಹೆಂಡತಿಗೂ ಹೇಳಬೇಡ ಎನ್ನುವ ಸಾಹೇಬ ಸಾಹೇಬನೇ ಅಲ್ಲ.