ನಾರಿಚ್‌ನ ಗಂಟೆಗೋಪುರದಲ್ಲಿ

ನಾರಿಚ್‌ನಲ್ಲಿ ನಮಗೆ ಐದು ದಿನದ ಕೆಲಸವಿತ್ತು. ನದಿಯ ಪಕ್ಕದ ಹೋಟೆಲಿನ ಕೋಣೆಗಳಿಗೆಲ್ಲ ಪರದೆ ಹಾಕುವುದು. ಏಣಿಯ ಮೇಲೆ ನಾನು, ಕೆಳಗೆ ಜೊತೆ ಕೆಲಸದ ಗ್ಲೆಂಡಾ. ಮೂರು ಗಂಟೆಗೆ ಕೆಲಸ ಮುಗಿದರೆ ಆಮೇಲೆ ಊರು ನೋಡುವುದು ಎಂದು ಅವಳು ಹೊರಡುವ ಮೊದಲೇ ಪಟ್ಟಿ ಮಾಡಿದ್ದಳು. ಸೋಮವಾರ ಕೋಟೆ, ಮಂಗಳವಾರ ಕೆಥೀಡ್ರಲ್, ಬುಧವಾರ ಮಾರ್ಕೆಟ್ಟಿನಲ್ಲಿ ಚಿಪ್ಸು ಮತ್ತು ಬೇಯಿಸಿ ಕಿವುಚಿದ ಬಟಾಣಿ. ಎಲ್ಲ ಕಡೆಗೂ ಹೋದೆ. ಎಲ್ಲಿಯೂ ಹತ್ತು ನಿಮಿಷ ನಿಲ್ಲಲಾಗಲಿಲ್ಲ.

"ಏನೇ ಬ್ರಯೊನಿ, ಕಾಲಿಗೆ ಇರುವೆ ಹತ್ತಿದ್ಯಾ? ಅಷ್ಟು ದುಡ್ಡು ಕೊಟ್ಟು ಕೋಟೆ ಒಳಗೆ ಹೋದೋಳು ಹಂಗೇ ಈಚೆ ಬಂದ್ಯಲ್ಲ!"

"ಒಳಗೆ ಸೆಖೆ ಅನಿಸ್ತು."

"ಸೆಖೆಯಂತೆ, ಮಾರ್ಚ್ ತಿಂಗಳಲ್ಲಿ!"

ಆ ಊರಿನಲ್ಲಿ ತಿರುಗಿದ ಕಡೆಯೆಲ್ಲ ಚರ್ಚು. ನಾನು ನೋಡುತ್ತಿದ್ದುದು ಗೋಪುರಗಳನ್ನು ಮಾತ್ರ, ಅದನ್ನು ಗ್ಲೆಂಡಾಗೆ ಹೇಳಿರಲಿಲ್ಲ.

ನಮ್ಮ ಹಳ್ಳಿಯ ಚರ್ಚಿನಲ್ಲಿ ಆರು ಗಂಟೆಗಳಿವೆ. ಹನ್ನೊಂದನೆಯ ವಯಸ್ಸಿನಿಂದ ಅವುಗಳಲ್ಲೊಂದನ್ನು ನಾನು ಬಾರಿಸುತ್ತಿದ್ದೆ. ನಮ್ಮಲ್ಲಿ ಗಂಟೆ ಬಾಯಿ ಮೇಲೆ ಮಾಡಿ ನಿಂತಿರುತ್ತದೆ. ಹಗ್ಗ ಎಳೆದರೆ ಪೂರಾ ಒಂದು ಸುತ್ತು ಉರುಳಿ ಮತ್ತೆ ಬಾಯಿ ಮೇಲಾಗುತ್ತದೆ. ನಿಲ್ಲಿಸುವಾಗ ಅದನ್ನು ಮೆಲ್ಲಗೆ ಒಂದು ಮರದ ತುಂಡಿಗೆ ಒರಗಿಸಬೇಕು. ಕ್ರಿಸ್‌ಮಸ್ ಬೆಳಿಗ್ಗೆ ನನ್ನ ಗಂಟೆ ರಭಸದಿಂದ ಹೋಗಿ ಆ ಮರವನ್ನು ಮುರಿದು ಆಚೆ ಉರುಳಿತು. ಹಗ್ಗ ನನ್ನ ಅಂಗೈ ಸುಲಿದು ಚಾವಣಿಗೆ ಹೊಡೆಯಿತು. ಯಾರೂ ಬೈಯಲಿಲ್ಲ. ವಾರದೊಳಗೆ ಹೊಸ ಮರದ ತುಂಡು ಹಾಕಿದರು. ನಾನು ಮಾತ್ರ ಮತ್ತೆ ಹೋಗಲಿಲ್ಲ. ಬೇರೆ ಜನ ಇಲ್ಲದೆ ಭಾನುವಾರ ಐದೇ ಮೊಳಗುತ್ತಿದ್ದವು. ಆರನೆಯದು ಬರಬೇಕಾದ ಜಾಗದಲ್ಲಿ ನಾನು ಮನೆಯಲ್ಲಿ ಉಸಿರು ಹಿಡಿಯುತ್ತಿದ್ದೆ. ಇನ್ನು ನನ್ನ ಕೈಗೆ ಹಗ್ಗ ಬರುವುದೋ ಇಲ್ಲವೋ ಎನ್ನುವ ಚಿಂತೆ ಊರು ಬಿಟ್ಟು ಬಂದರೂ ಬಿಡಲಿಲ್ಲ.

ಹೋಟೆಲಿನ ಹಿಂದಿನ ಚರ್ಚಿನ ಬಾಗಿಲಿಗೆ ಚೀಟಿ ಅಂಟಿಸಿದ್ದರು: ಗುರುವಾರ ಸಂಜೆ ಏಳಕ್ಕೆ ಅಭ್ಯಾಸ, ಹೊರಗಿನವರಿಗೂ ಸ್ವಾಗತ. ಯಾವ ಊರಿನ ಗೋಪುರಕ್ಕೆ ಹೋದರೂ ಬಾರಿಸುವವರಿಗೆ ಒಂದು ಹಗ್ಗ ಕೊಡುತ್ತಾರೆ. ಇಲ್ಲಿ ನನ್ನ ಗುರುತು ಯಾರಿಗೂ ಇಲ್ಲ. ತಲೆನೋವೆಂದು ಗ್ಲೆಂಡಾಳನ್ನು ಒಬ್ಬಳೇ ಬಿಂಗೋಗೆ ಕಳಿಸಿದೆ. ಚರ್ಚನ್ನು ಮೂರು ಸುತ್ತು ಹಾಕಿದೆ. ನಾಲ್ಕನೆಯ ಸುತ್ತಿನಲ್ಲಿ ಒಬ್ಬ ಸೈಕಲ್ಲಿಗೆ ಬೀಗ ಹಾಕುತ್ತಿದ್ದ.

"ಗೋಪುರಕ್ಕಾ? ನಡಿ ನಡಿ, ನೀನೇ ಮುಂದೆ."

ಸುರುಳಿ ಮೆಟ್ಟಿಲು ಒಬ್ಬರು ಹಿಡಿಯುವಷ್ಟೇ ಅಗಲ. ಹಿಂದೆ ಅವನು. ತಿರುಗಿ ಇಳಿಯುವಂತಿರಲಿಲ್ಲ.

ಮೇಲೆ ಆರೇಳು ಜನರಿದ್ದರು. ಅವರ ಮುಖ್ಯಸ್ಥೆ ಮಿಸೆಸ್ ತರ್ಟಲ್, ಎಪ್ಪತ್ತರ ಹೆಂಗಸು, ಕೇಳಿದರು: "ಯಾವೂರಮ್ಮಾ? ಯಾವ ಗಂಟೆ ಬಾರಿಸ್ತೀಯ?"

ಮರ ಮುರಿದದ್ದನ್ನು ಆಗಲೇ ಹೇಳಬೇಕಿತ್ತು. "ಯಾವುದಾದ್ರೂ ಆಗುತ್ತೆ," ಎಂದೆ.

"ಹಂಗಾದ್ರೆ ನನ್ನ ದಪ್ಪ ಗಂಟೇನೇ ಕೊಡಿ, ನನ್ನ ಸೊಂಟ ಉಳೀಲಿ," ಎಂದ ಸೈಕಲ್ಲಿನವನು. ಅವನ ಹೆಸರು ಡೆಸ್ಮಂಡ್.

"ನಿನ್ನ ಸೊಂಟ ಕೆಟ್ಟಿದ್ದು ಪಬ್ಬಿನ ಕುರ್ಚಿಯಿಂದ ಕಣೋ," ಎಂದು ಮಿಸೆಸ್ ತರ್ಟಲ್ ನನಗೆ ನಾಲ್ಕನೆಯದನ್ನು ಕೊಟ್ಟರು.

ಎಳೆದೆ. ಕೈಗೆ ಎಲ್ಲ ನೆನಪಿತ್ತು. ಒಂದರ ಹಿಂದೆ ಒಂದು, ನನ್ನದು ಸರಿಯಾದ ಜಾಗಕ್ಕೆ ಬಂದು ಬೀಳುತ್ತಿತ್ತು. ಆಮೇಲೆ ಮಿಸೆಸ್ ತರ್ಟಲ್, "ನಿಲ್ಸಿ," ಎಂದರು.

ಉಳಿದವೆಲ್ಲ ನಿಂತವು. ನನ್ನದು ನಿಲ್ಲಲಿಲ್ಲ. ಮೇಲಕ್ಕೆ ಹೋಗಿ ತೂಗುವ ಹೊತ್ತಿಗೆ ಪ್ರತಿ ಸಲವೂ ನಾನೇ ಕೆಳಕ್ಕೆ ಎಳೆದುಬಿಡುತ್ತಿದ್ದೆ. ಊರ ಮೇಲೆ ಒಂದೇ ಗಂಟೆ, ಮತ್ತೆ, ಮತ್ತೆ.

"ಹಿಂಗೆ ಒಂದೇ ಗಂಟೆ ಹೊಡೆದ್ರೆ ಕೆಳಗಡೆ ಯಾರೋ ಸತ್ತರು ಅಂದ್ಕೋತಾರೆ," ಎಂದ ಡೆಸ್ಮಂಡ್.

ಮಿಸೆಸ್ ತರ್ಟಲ್ ಪಕ್ಕಕ್ಕೆ ಬಂದರು. ಹಗ್ಗ ಕಿತ್ತುಕೊಳ್ಳಲಿಲ್ಲ, ಕೈ ಬೆನ್ನ ಹಿಂದೆ ಕಟ್ಟಿಕೊಂಡರು. "ಏನಾಯ್ತಮ್ಮಾ?"

"ಕ್ರಿಸ್‌ಮಸ್‌ಗೆ ಒಂದು ಮರ ಮುರಿದೆ. ಆಮೇಲೆ ಇವತ್ತೇ ಹಿಡಿದಿರೋದು."

"ಡೆಸ್ಮಂಡ್, ನೀನೆಷ್ಟು ಮುರಿದಿದ್ದೀಯೋ?"

"ಎರಡು. ಒಂದಂತೂ ಬಿಷಪ್ಪರ ಎದುರಿಗೇ."

"ನಾನು ಮೂರು. ಮೇಲೆ ಮರದ ತುಂಡು ಬೇಕಾದಷ್ಟಿದೆ, ಹೋದ್ರೆ ಹಾಕಿದ್ರಾಯ್ತು. ಕೈಗೆ ಹಗುರ ಅನ್ಸುತ್ತಲ್ಲ, ಅಲ್ಲಿ ಬಿಟ್ಕೊಡು. ತಳ್ಳಬೇಡ. ಅವಸರ ಇಲ್ಲ."

ಎರಡು ಸಲ ವಾಪಸ್ಸು ಬಿತ್ತು. ಮೂರನೆಯ ಸಲ ಹಗುರವಾದಾಗ ಕಣ್ಣು ಮುಚ್ಚಿ ಬಿಟ್ಟುಕೊಟ್ಟೆ. ಮೇಲೆಲ್ಲೋ ಮೆತ್ತಗೆ 'ಟಕ್' ಎಂದಿತು. ಹಗ್ಗ ಅಲುಗಲಿಲ್ಲ.

"ನಿಂತಿದೆ. ಇನ್ನು ಕೈ ಬಿಡಮ್ಮಾ."

ನಾನು ಬಿಡಲಿಲ್ಲ. ಬರೀ ನಿಲ್ಲಿಸುವುದನ್ನೇ ಇನ್ನಷ್ಟು ಸಲ ಮಾಡಲೇ ಎಂದು ಕೇಳಿದೆ. ನನ್ನ ದನಿ ಅಷ್ಟು ಜೋರಾಗಿ ಬಂದದ್ದು ನನಗೇ ಹೊಸದು.

"ಮಾಡು," ಎಂದು ಅವರು ಬೆಂಚಿನ ಮೇಲೆ ಕೂತು ಫ್ಲಾಸ್ಕ್ ತೆರೆದರು. ಡೆಸ್ಮಂಡ್ ನರಳುತ್ತಾ ಟೋಪಿಯನ್ನು ಕಿವಿ ಮುಚ್ಚುವಂತೆ ಕೆಳಕ್ಕೆ ಎಳೆದುಕೊಂಡ.

ಆರು ಸಲ ಸರಿಯಾಯಿತು. ಏಳನೆಯದು ಜೋರಾಗಿ ಹೋಯಿತು. ಮರ ಕಟಕ್ಕೆಂದಿತು, ಆದರೆ ತಡೆಯಿತು. ನಾನು ಮೇಲೆ ನೋಡಲಿಲ್ಲ. ಎಂಟನೆಯದಕ್ಕೆ ಹಗ್ಗ ಎಳೆದೆ.